ಫೋಟೋದ ಬೆನ್ನು

ತುಮಕೂರಿನ ನಮ್ಮ ಮನೆಯ ನಡುಮನೆಯಲ್ಲಿ, ಸಿದ್ಧಗಂಗೆಯ ಶ್ರೀಗಳ ಕ್ಯಾಲೆಂಡರಿನ ಪಕ್ಕಕ್ಕೆ, ನನಗೆ ಬುದ್ಧಿ ಬಂದಾಗಿನಿಂದಲೂ ಅಜ್ಜಿಯ ಪಟವೊಂದು ತೂಗುತ್ತಿದೆ. ಅವರು ಅಪ್ಪನ ತಾಯಿ. ಅಪ್ಪನಿಗೆ ಐದು ವರ್ಷವಿದ್ದಾಗ, 1950ರಲ್ಲಿ, ತೀರಿಕೊಂಡವರು. ಕಪ್ಪು ಬಿಳುಪಿನ ಆ ಚಿತ್ರದಲ್ಲಿ ಹಣೆಯ ಕುಂಕುಮಕ್ಕೆ ಮಾತ್ರ ಯಾರೋ ಕುಂಚದಿಂದ ಕೆಂಪು ಹಚ್ಚಿದ್ದಾರೆ. ಅಗಲ ಅಂಚಿನ ಸೀರೆ, ತೊಡೆಯ ಮೇಲೆ ಒಂದರ ಮೇಲೊಂದು ಇರಿಸಿಕೊಂಡ ಕೈಗಳು, ಎರಡೂ ಮುಂಗೈ ತುಂಬ ಗಾಜಿನ ಬಳೆ. ಸಾಯುವುದಕ್ಕೆ ಒಂದು ವರ್ಷ ಮೊದಲು ತೆಗೆಸಿದ್ದು ಎಂದು ಅಪ್ಪ ಹೇಳುತ್ತಿದ್ದರು. ನಾವೂ ಅದನ್ನೇ ನಂಬಿಕೊಂಡು, ವರ್ಷವರ್ಷವೂ ಪಕ್ಷದ ದಿನ ಅದಕ್ಕೆ ಹೂವು ಹಾಕುತ್ತಿದ್ದೆವು.

ಕಳೆದ ವರ್ಷ ಪಿತೃಪಕ್ಷಕ್ಕೆಂದು ಧೂಳು ಒರೆಸುವಾಗ ಗಾಜು ಬಿರುಕು ಬಿಟ್ಟಿತು. ಅಶೋಕ ರಸ್ತೆಯ ಹತ್ತಿರ ಕಟ್ಟು ಹಾಕುವವರೊಬ್ಬರಲ್ಲಿಗೆ ಒಯ್ದೆ. ಅವರು ಪಟವನ್ನು ಮಗುಚಿ ಹಾಕಿ, ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು, ಗೆದ್ದಲು ಅರ್ಧ ತಿಂದಿದ್ದ ರಟ್ಟನ್ನು ತೆಗೆದು, ‘ಇದನ್ನು ಎಸೆದು ಹೊಸದು ಹಾಕಿಬಿಡಲೇ’ ಎಂದು ಕೇಳುತ್ತಿರುವಾಗಲೇ ನನಗೆ ಫೋಟೋದ ಬೆನ್ನು ಕಾಣಿಸಿದ್ದು. ಅಲ್ಲಿ ನೇರಳೆ ಶಾಯಿಯ ದುಂಡನೆಯ ಮೊಹರೊಂದಿತ್ತು. ಸ್ಟುಡಿಯೋದ ಹೆಸರು ಅಳಿಸಿಹೋಗಿ ‘ತುಮಕೂರು’ ಎಂಬುದಷ್ಟೇ ಉಳಿದಿತ್ತು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಅವಸರದ ಕೈಬರಹದಲ್ಲಿ ಹೀಗಿತ್ತು: ‘ಫೇಸ್ – ಗ್ರೂಪಿನಿಂದ. ಬಾಡಿ – ಸಿಟಿಂಗ್. ಟಚಿಂಗ್ ಇದೆ. 12×15, ಒಂದು ಕಾಪಿ.’

ಮನೆಯಲ್ಲಿ ಇದನ್ನು ಬಿಡಿಸಿ ಹೇಳಬಲ್ಲವರು ಒಬ್ಬರೇ ಉಳಿದಿದ್ದರು, ಎಂಬತ್ತು ದಾಟಿದ ನನ್ನ ಸೋದರತ್ತೆ. ಬೆನ್ನಿನ ಬರಹವನ್ನು ಓದಿ ಹೇಳಿದಾಗ ಅವರು ಆಶ್ಚರ್ಯವನ್ನೇನೂ ತೋರಿಸಲಿಲ್ಲ. ‘ಆ ಕೈ ನಂದು’ ಎಂದರು. ಅಜ್ಜಿಯ ಒಂಟಿ ಫೋಟೋ ಒಂದೂ ಇರಲಿಲ್ಲವಂತೆ. 1946ರಲ್ಲಿ ಗುಬ್ಬಿಯಲ್ಲಿ ನಡೆದ ಮದುವೆಯೊಂದರ ಗುಂಪುಚಿತ್ರದ ಮೂರನೆಯ ಸಾಲಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಮುಖ ಮಾತ್ರ ಇತ್ತು. 1969ರಲ್ಲಿ ಅಪ್ಪನ ಮದುವೆಗೆ ಮುಂಚೆ, ಹಸೆಮಣೆಯ ಹೊತ್ತಿಗೆ ತಾಯಿಯದೊಂದು ಪಟ ಮನೆಯಲ್ಲಿರಬೇಕೆಂದು ತಾತ ಹಟ ಹಿಡಿದರು. ಸ್ಟುಡಿಯೋದವರು ಮೈಕಟ್ಟು ಹೊಂದುವ ಹೆಂಗಸೊಬ್ಬರನ್ನು ಕರೆತನ್ನಿ ಎಂದರು. ಅಪ್ಪನಿಗಿಂತ ಮೂರು ವರ್ಷ ದೊಡ್ಡವರಾದ ಅತ್ತೆ, ಟ್ರಂಕಿನಲ್ಲಿದ್ದ ತಾಯಿಯ ಸೀರೆಯನ್ನು ಉಟ್ಟುಕೊಂಡು ಹೋಗಿ ಕುರ್ಚಿಯ ಮೇಲೆ ಕುಳಿತರು. ಗುಂಪುಚಿತ್ರವನ್ನು ಮತ್ತೆ ಫೋಟೋ ತೆಗೆದು ಅಜ್ಜಿಯ ಮುಖವನ್ನು ಹಿಗ್ಗಿಸಿ, ಬ್ಲೇಡಿನಿಂದ ಕತ್ತರಿಸಿ, ಮಗಳ ಕೊರಳಿಗೆ ತಾಯಿಯ ತಲೆಯನ್ನು ಅಂಟಿಸಿ, ಸೇರಿದ ಜಾಗದ ಗೆರೆಯನ್ನು ಪೆನ್ಸಿಲಿನಿಂದಲೂ ಕುಂಚದಿಂದಲೂ ಮರೆಸಿ, ಇಡಿಯಾಗಿ ಇನ್ನೊಮ್ಮೆ ಫೋಟೋ ತೆಗೆದು ಪ್ರಿಂಟ್ ಹಾಕಿಕೊಟ್ಟದ್ದು ಈ ಪಟ. ತೋರಿಸಿದ ಮೇಲೆ ನನಗೂ ಕಂಡಿತು: ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದೆ, ಸೀರೆಯ ನೆರಿಗೆಯ ಮೇಲೆ ಬಲದಿಂದ.

ಕೆಲವು ವರ್ಷಗಳಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬಂದು ಕಲಾ ಛಾಯಾಚಿತ್ರಗಳ ಪ್ರದರ್ಶನಗಳನ್ನು ನೋಡುವುದು, ಸಿಕ್ಕಿದ್ದನ್ನು ಓದುವುದು ನನ್ನ ಹವ್ಯಾಸ. ಚಿತ್ರವನ್ನು ತೆಗೆದವರು ಯಾರು, ಅದು ಯಾರದು, ಎಷ್ಟು ನಿಜ ಎಂಬ ಪ್ರಶ್ನೆಗಳು ದೊಡ್ಡ ಊರಿನ ಬಿಳಿ ಗೋಡೆಗಳಿಗೆ ಸೇರಿದವು ಎಂದುಕೊಂಡಿದ್ದೆ. ಅವು ಮೂರೂ ಐವತ್ತಕ್ಕೂ ಹೆಚ್ಚು ವರ್ಷ ನಮ್ಮ ಮನೆಯ ಗೋಡೆಗೇ ಬೆನ್ನು ಕೊಟ್ಟು ತೂಗುತ್ತಿದ್ದುವು.

ಯಾರು ತೆಗೆದವರು ಎಂಬುದರಿಂದಲೇ ಶುರುಮಾಡಬಹುದು. ಅಮೆರಿಕದ ಶೆರಿ ಲೆವೀನ್ 1981ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಒಂದಿಷ್ಟು ಚಿತ್ರಗಳನ್ನು ತೂಗುಹಾಕಿದರು. ವಾಕರ್ ಇವಾನ್ಸ್ 1936ರಲ್ಲಿ ಅಲಬಾಮಾದ ಬಡ ಗೇಣಿದಾರರ ಮನೆಗಳಲ್ಲಿ ತೆಗೆದಿದ್ದ ಪ್ರಸಿದ್ಧ ಫೋಟೋಗಳನ್ನು, ಮುದ್ರಿತ ಕ್ಯಾಟಲಾಗಿನ ಪುಟಗಳಿಂದ ನೇರವಾಗಿ ಮತ್ತೆ ಫೋಟೋ ತೆಗೆದು, ‘ವಾಕರ್ ಇವಾನ್ಸರ ತರುವಾಯ’ ಎಂಬರ್ಥದ ಹೆಸರಿಟ್ಟು ತಮ್ಮದಾಗಿ ತೋರಿಸಿದ್ದರು. ಏನನ್ನೂ ಸೇರಿಸಿರಲಿಲ್ಲ, ಏನನ್ನೂ ತೆಗೆದಿರಲಿಲ್ಲ. ಮೊದಲ ಸಲ ಓದಿದಾಗ ಇದು ಹಗಲುದರೋಡೆ ಅನ್ನಿಸಿತ್ತು. ಆದರೆ ಹೆಸರಿನಲ್ಲೇ ಮೂಲದವರ ಹೆಸರನ್ನು ಹೊತ್ತಿರುವ ಚಿತ್ರವನ್ನು ಕಳ್ಳಮಾಲು ಎನ್ನುವುದು ಕಷ್ಟ. ಗುಬ್ಬಿಯ ಗುಂಪುಚಿತ್ರದಿಂದ ಅಜ್ಜಿಯ ಮುಖವನ್ನು ಎತ್ತಿದ ನಮ್ಮ ತುಮಕೂರಿನ ಕುಶಲಕರ್ಮಿಯೂ ಬೆನ್ನಿನ ಮೇಲೆ ‘ಗ್ರೂಪಿನಿಂದ’ ಎಂದು ಬರೆದೇ ಇದ್ದರು. ಅದನ್ನು ರಟ್ಟು ಹೊಡೆದು ಮುಚ್ಚಿದವರು ನಾವು.

ನಮ್ಮ ಕಾನೂನು ಇಲ್ಲಿ ತಮಾಷೆಯಾಗಿ ಎರಡಾಗಿ ಒಡೆಯುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಕೃತಿಸ್ವಾಮ್ಯದ ಮೊದಲ ಒಡೆಯರು ತೆಗೆಸಿದವರೇ. ಅಂದರೆ ಕರ್ತೃತ್ವ ಸ್ಟುಡಿಯೋದವರದು, ಒಡೆತನ ತಾತನದು. ಗುಬ್ಬಿಯ ಫೋಟೋಗ್ರಾಫರು, ಸೀರೆ ಉಟ್ಟು ಕುಳಿತ ಅತ್ತೆ, ಮುಖ ಕೊಟ್ಟ ಅಜ್ಜಿ, ಇವರಾರಿಗೂ ಈ ಲೆಕ್ಕದಲ್ಲಿ ಜಾಗವಿಲ್ಲ.

ಕುಳಿತವರಿಗೆ ಜಾಗ ಕೊಟ್ಟ ಕಲಾವಿದೆಯೊಬ್ಬರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಪುಷ್ಪಮಾಲಾ ಎನ್. ಓದಿದ್ದು ಶಿಲ್ಪಕಲೆಯನ್ನು, ಹೆಸರು ಮಾಡಿದ್ದು ಕ್ಯಾಮೆರಾದ ಮುಂದೆ ನಿಂತು. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ಸೇರಿ ದಕ್ಷಿಣ ಭಾರತದ ದೇಶೀ ಹೆಂಗಸರನ್ನು ಕುರಿತ ಚಿತ್ರಮಾಲಿಕೆಯೊಂದನ್ನು ಅವರು ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯಾಗಿ ಕಮಲದ ಮೇಲೆ ನಿಲ್ಲುವವರೂ ಅವರೇ. ಸರ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದು ಪತ್ರಿಕೆಯಲ್ಲಿ ಅಚ್ಚಾದ ಹೆಂಗಸಾಗಿ ನಿಲ್ಲುವವರೂ ಅವರೇ. ಬ್ರಿಟಿಷರ ಕಾಲದ ಜನಾಂಗ ಅಧ್ಯಯನದವರಂತೆ ಚೌಕುಳಿ ಪರದೆಯ ಮುಂದೆ ಅಳತೆಗೆ ನಿಲ್ಲುವವರೂ ಅವರೇ. ಪರದೆ, ಒಡವೆ, ದೀಪ ಎಲ್ಲವನ್ನೂ ಮೂಲಕ್ಕೆ ಹೊಂದುವಂತೆ ಕಟ್ಟಿ ನಿಲ್ಲಿಸಿದ ಮೇಲೂ ಪರದೆಯ ಮಡಿಕೆಯೋ ಮೇಕಪ್ಪಿನ ಅಂಚೋ ‘ಇದು ವೇಷ’ ಎಂದು ನಮಗೆ ಹೇಳುತ್ತಲೇ ಇರುತ್ತದೆ. ಗುಂಡಿ ಒತ್ತಿದವರು ಒಬ್ಬರು, ಮೈಯೊಡ್ಡಿದವರು ಇನ್ನೊಬ್ಬರು; ಇಬ್ಬರ ಹೆಸರೂ ಕೃತಿಯ ಜೊತೆಗಿದೆ. ಅತ್ತೆಯನ್ನು ಆ ಕುರ್ಚಿಯ ಮೇಲೆ ಕಲ್ಪಿಸಿಕೊಂಡಾಗಲೆಲ್ಲ ಈ ಲಕ್ಷ್ಮಿ ನೆನಪಾಗುತ್ತಾಳೆ. ವ್ಯತ್ಯಾಸವೆಂದರೆ ಪುಷ್ಪಮಾಲಾ ಅವರ ಮುಖ ಉಳಿದಿದೆ. ಅತ್ತೆಯ ಮುಖ ಬ್ಲೇಡಿನ ಪಾಲಾಗಿದೆ.

ಅತ್ತೆಯ ಮಾತಿನ ಮೇಲೆ ನನಗೆ ಅನುಮಾನವಿರಲಿಲ್ಲ. ಆದರೆ ಅಪ್ಪನೂ ಸುಳ್ಳು ಹೇಳುವವರಾಗಿರಲಿಲ್ಲವಲ್ಲ! ಕಾಗದ ಏನನ್ನುತ್ತದೆ ನೋಡೋಣವೆಂದು, ಮಂಡಿಪೇಟೆಯಲ್ಲಿ ಸಗಟು ವ್ಯಾಪಾರ ಮಾಡುವ ಗೆಳೆಯರ ಅಂಗಡಿಗೆ ಪಟವನ್ನೂ ಅತ್ತೆಯ ಬಳಿಯಿದ್ದ ಗುಂಪುಚಿತ್ರವನ್ನೂ ಒಯ್ದೆ. ಖೋಟಾ ನೋಟು ಪತ್ತೆ ಮಾಡಲು ಅವರು ಗಲ್ಲಾದ ಪಕ್ಕ ನೇರಳಾತೀತ ದೀಪದ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟುಕೊಂಡಿದ್ದಾರೆ. ಅಸಲಿ ನೋಟಿನ ಕಾಗದ ಅದರಡಿಯಲ್ಲಿ ಮಂಕಾಗಿಯೇ ಇರುತ್ತದೆ. ಸಾಮಾನ್ಯ ಬಿಳಿ ಹಾಳೆ ನೀಲಿಯಾಗಿ ಹೊಳೆಯುತ್ತದೆ. ಕಾಗದವನ್ನು ಇನ್ನಷ್ಟು ಬೆಳ್ಳಗೆ ಕಾಣಿಸಲು ಬೆರೆಸುವ ರಾಸಾಯನಿಕ ಕಣ್ಣಿಗೆ ಕಾಣದ ಕಿರಣವನ್ನು ಹೀರಿಕೊಂಡು ನೀಲಿ ಬೆಳಕನ್ನು ಉಗುಳುವುದೇ ಇದಕ್ಕೆ ಕಾರಣ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ನೇರಳೆ ದೀಪ ಹಾಕಿದೊಡನೆ, ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಅಂಗಿಗಳು ಮಾತ್ರ ಫಳಫಳ ಹೊಳೆಯುವುದೂ ಇದರಿಂದಲೇ. ಫೋಟೋ ಕಾಗದಕ್ಕೆ ಈ ರಾಸಾಯನಿಕ ಬಂದದ್ದು 1950ರ ದಶಕದಲ್ಲಿ.

ಈ ಉಪಾಯ ನನ್ನದಲ್ಲ. ಅಮೆರಿಕದ ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಚಿತ್ರಗಳಿಂದ ಹೆಸರಾದ ಲೂಯಿಸ್ ಹೈನ್ 1940ರಲ್ಲಿ ಬಡತನದಲ್ಲೇ ತೀರಿಕೊಂಡರು. ಆಮೇಲೆ ಅವರ ಚಿತ್ರಗಳಿಗೆ ಬೆಲೆ ಬಂತು. ಅದರಲ್ಲೂ ಅವರ ಜೀವಿತಕಾಲದಲ್ಲೇ ಹಾಕಿದ ಪ್ರಿಂಟುಗಳಿಗೆ. 1990ರ ದಶಕದ ಕೊನೆಗೆ, ಹಾಗೆಂದು ಮಾರಾಟವಾಗಿದ್ದ ಕೆಲವು ಪ್ರಿಂಟುಗಳ ಮೇಲೆ ಸಂಗ್ರಾಹಕರಿಗೂ ವ್ಯಾಪಾರಿಗಳಿಗೂ ಸಂಶಯ ಹುಟ್ಟಿ ಕಾಗದವನ್ನು ಪರೀಕ್ಷಿಸಿದಾಗ, ಅದು ಈ ಬಿಳುಪುಕಾರಕವಿದ್ದ ಕಾಗದ, ಅಂದರೆ ಹೈನ್ ಸತ್ತು ಹತ್ತಾರು ವರ್ಷಗಳಾದ ಮೇಲೆ ತಯಾರಾದದ್ದು ಎಂದು ತಿಳಿಯಿತು. ಕೆಲವಕ್ಕೆ ಸಹಿ ಕೂಡ ಇತ್ತು! ನನ್ನನ್ನು ಹಿಡಿದು ನಿಲ್ಲಿಸುವುದು ಈ ಪ್ರಕರಣದ ಒಂದು ವಿಚಿತ್ರ. ಚಿತ್ರಗಳು ಹೈನ್ ತೆಗೆದವೇ. ಆ ಮಕ್ಕಳು ನಿಜ, ಗಿರಣಿ ನಿಜ, ಬೆಳಕು ನೆರಳು ನಿಜ. ಮುಂಭಾಗದಲ್ಲಿ ಒಂದು ಚುಕ್ಕೆಯಷ್ಟೂ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ‘ಇದನ್ನು ಯಾವಾಗ, ಯಾರು ಮುದ್ರಿಸಿದರು’ ಎಂದು ಹೇಳುವ ಮಾತಿನಲ್ಲಿ.

ನಮ್ಮದು ಇದರ ತಿರುವುಮುರುವು. ಮಂಡಿಪೇಟೆಯ ಗಲ್ಲಾದ ಮೇಲೆ ಗುಬ್ಬಿಯ ಗುಂಪುಚಿತ್ರದ ಬೆನ್ನನ್ನು ದೀಪಕ್ಕೆ ಒಡ್ಡಿದಾಗ ಅದು ಹಳೆಯ ಗೋಣಿಚೀಲದಂತೆ ಮಂಕಾಗಿಯೇ ಉಳಿಯಿತು. ಪಟವನ್ನು ಒಡ್ಡಿದೆ. ತುದಿಯಿಂದ ತುದಿಗೆ ನೀಲಿ ಎದ್ದಿತು. ಪೆನ್ಸಿಲ್ಲಿನ ಅಕ್ಷರಗಳು ಆ ನೀಲಿಯ ಮೇಲೆ ಕಪ್ಪಗೆ ನಿಂತವು. 1949ರಲ್ಲಿ ತೆಗೆಸಿದ್ದೆಂಬ ಅಪ್ಪನ ಮಾತು ಅಲ್ಲಿಗೆ ಮುಗಿಯಿತು. ಮೂಟೆ ಹೊರುತ್ತಿದ್ದವರೂ ಬಗ್ಗಿ ನೋಡಿ, ‘ಖೋಟಾನಾ ಸಾರ್?’ ಎಂದು ಕೇಳಿದರು. ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ನಮ್ಮ ಪಟದ ಮುಂಭಾಗವೆಲ್ಲ ಕಟ್ಟಿದ್ದು. ನಿಜ ಹೇಳುತ್ತಿದ್ದದ್ದು ಬೆನ್ನು ಮಾತ್ರ.

ಸಂಗ್ರಾಹಕರು ಕೊಳ್ಳುವುದೂ ಬಹುಮಟ್ಟಿಗೆ ಬೆನ್ನನ್ನೇ ಎಂದು ನನಗೆ ಆಗಿನಿಂದ ಅನ್ನಿಸತೊಡಗಿದೆ. ಒಂದೇ ನೆಗೆಟಿವಿನಿಂದ ಸಾವಿರ ಪ್ರಿಂಟು ಹಾಕಬಹುದಾದ ಮಾಧ್ಯಮದಲ್ಲಿ ಅಪರೂಪವೆಂಬುದನ್ನು ಮಾತುಕೊಟ್ಟೇ ಹುಟ್ಟಿಸಬೇಕು: ಇದು ಇಷ್ಟರಲ್ಲಿ ಇಷ್ಟನೆಯ ಪ್ರತಿ, ಇಂಥ ವಿಧಾನದಲ್ಲಿ ಹಾಕಿದ್ದು, ಇಂಥವರ ಸಹಿಯಿದೆ, ಇನ್ನು ಹಾಕುವುದಿಲ್ಲ. ಅಮೆರಿಕದ ಬಣ್ಣದ ಛಾಯಾಚಿತ್ರದ ಹಿರಿಯ ವಿಲಿಯಂ ಎಗ್ಲ್‌ಸ್ಟನ್ 2012ರಲ್ಲಿ ತಮ್ಮ ಹಳೆಯ ಚಿತ್ರಗಳನ್ನು ಹೊಸದಾಗಿ, ಡಿಜಿಟಲ್ ವಿಧಾನದಲ್ಲಿ, ದೊಡ್ಡ ಅಳತೆಗೆ ಮುದ್ರಿಸಿ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಾಗ 36 ಪ್ರಿಂಟುಗಳಿಗೆ 59 ಲಕ್ಷ ಡಾಲರ್ ಬಂತು. ಅವೇ ಚಿತ್ರಗಳ ಹಳೆಯ, ಸೀಮಿತ ಪ್ರತಿಗಳನ್ನು ಮೊದಲೇ ಕೊಂಡಿದ್ದ ಸಂಗ್ರಾಹಕರೊಬ್ಬರು, ತಮ್ಮ ಪ್ರತಿಯ ಬೆಲೆ ಇಳಿಯಿತೆಂದು ದಾವೆ ಹೂಡಿದರು. ಅಳತೆಯೂ ವಿಧಾನವೂ ಬೇರೆಯಾದ್ದರಿಂದ ಇದು ಬೇರೆಯೇ ಆವೃತ್ತಿ ಎಂದು 2013ರಲ್ಲಿ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ಕಾನೂನಿನಂತೆ ಸರಿಯಿರಬಹುದು. ನನ್ನ ಮನಸ್ಸು ಮಾತ್ರ ಸಂಗ್ರಾಹಕರ ಕಡೆಗೇ ವಾಲುತ್ತದೆ. ಎಗ್ಲ್‌ಸ್ಟನ್ನರ ಪ್ರಸಿದ್ಧವಾದ ಆ ಮೂರು ಗಾಲಿಯ ಸೈಕಲ್ಲಿನ ಚಿತ್ರ ದೊಡ್ಡದಾದರೂ ಚಿಕ್ಕದಾದರೂ ಅದೇ ಸೈಕಲ್ಲು.

ನಮ್ಮ ಊರಿನಲ್ಲೇ ಇದಕ್ಕೆ ನೇರ ಎದುರಾದ ಸಂಗ್ರಹವೂ ಇದೆ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಫೋಟೋ ಇಲ್ಲದ ಅಂಗಡಿ, ಆಟೋ, ಹೋಟೆಲು ತುಮಕೂರಿನಲ್ಲಿ ಎಷ್ಟಿದ್ದಾವು? ಆ ಫೋಟೋ ತೆಗೆದವರು ಯಾರೆಂದು ಕೇಳಿದವರಿಲ್ಲ. ಪ್ರತಿಗಳಿಗೆ ಮಿತಿಯಿಲ್ಲ, ಸಹಿಯಿಲ್ಲ, ಕೆಲವು ಮೂರನೆಯ ಜೆರಾಕ್ಸಿನಷ್ಟು ಮಸುಕು. ಬೆಳಿಗ್ಗೆ ಶಟರ್ ಎತ್ತಿ ಊದುಬತ್ತಿ ಬೆಳಗುವವರಿಗೆ ಆವೃತ್ತಿಯ ಸಂಖ್ಯೆಯಿಂದ ಆಗಬೇಕಾದ್ದು ಏನೂ ಇಲ್ಲ.

ಟಚಿಂಗ್ ಮಾಡಿದರೆ ಚಿತ್ರ ಸುಳ್ಳಾಗುತ್ತದೆಯೇ ಎಂಬುದು ಬೇರೆಯೇ ಮಾತು. ಜರ್ಮನಿಯ ಆಂಡ್ರಿಯಾಸ್ ಗುರ್‌ಸ್ಕಿ 1999ರಲ್ಲಿ ರೈನ್ ನದಿಯ ಚಿತ್ರವೊಂದರಿಂದ ಆಚೆ ದಡದ ಕಟ್ಟಡವನ್ನೂ ಓಡಾಡುವವರನ್ನೂ ಕಂಪ್ಯೂಟರಿನಲ್ಲಿ ಅಳಿಸಿ, ಹಸಿರು, ನೀರು, ಬೂದು ಆಕಾಶದ ಪಟ್ಟಿಗಳನ್ನಷ್ಟೇ ಉಳಿಸಿದರು. ಅದು 2011ರಲ್ಲಿ 43 ಲಕ್ಷ ಡಾಲರಿಗೆ ಹರಾಜಾಯಿತು. ಅಳಿಸಿದ್ದನ್ನು ಅವರು ಮುಚ್ಚಿಡಲಿಲ್ಲವಾದ್ದರಿಂದ ಯಾರಿಗೂ ಮೋಸವಾಗಲಿಲ್ಲ. ಇದೇ ಕೈಚಳಕವನ್ನು ಸುದ್ದಿಚಿತ್ರದಲ್ಲಿ ತೋರಿಸಿದರೆ ಆ ಛಾಯಾಗ್ರಾಹಕರ ಕಥೆ ಮುಗಿದಂತೆ. ಚಿತ್ರ ಯಾವ ಮಾತು ಕೊಟ್ಟು ನಮ್ಮೆದುರು ಬಂದಿದೆ ಎಂಬುದರ ಮೇಲೆ ಅದರ ನಿಜ ನಿಂತಿದೆ.

ಮುಟ್ಟದೆ ಬಿಟ್ಟ ಚಿತ್ರದಲ್ಲೂ ತೊಡಕು ತಪ್ಪುವುದಿಲ್ಲ. 1984ರ ಡಿಸೆಂಬರಿನಲ್ಲಿ, ವಿಷಾನಿಲ ಸೋರಿದ ಭೋಪಾಲದಲ್ಲಿ, ಮಣ್ಣು ಮಾಡುತ್ತಿದ್ದ ಒಂದು ಮಗುವಿನ ಮುಖವನ್ನು ಇಬ್ಬರು ಸೆರೆಹಿಡಿದರು: ರಘು ರಾಯ್ ಕಪ್ಪು ಬಿಳುಪಿನಲ್ಲಿ, ಪಾಬ್ಲೊ ಬಾರ್ತಲೋಮ್ಯೂ ಬಣ್ಣದಲ್ಲಿ. ಬಾರ್ತಲೋಮ್ಯೂ ಅವರ ಚಿತ್ರಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು. ರಾಯ್ ಅವರ ಚಿತ್ರ ಆ ದುರಂತದ ಗುರುತೇ ಆಗಿಹೋಯಿತು. ಅದೇ ಮಗು, ಅದೇ ಮಣ್ಣು. ಎರಡೂ ಚಿತ್ರಗಳ ಬೆನ್ನಿಗೆ ತೆಗೆದವರ ಹೆಸರಿದೆ. ಮಗುವಿನ ಹೆಸರು ಎರಡರಲ್ಲೂ ಇಲ್ಲ.

ಅತ್ತೆ ಕುಳಿತಿದ್ದ ಆ ಮೂಲ ನೆಗೆಟಿವಾದರೂ, ಅವರ ಮುಖವಿದ್ದದ್ದು, ಎಲ್ಲಾದರೂ ಸಿಕ್ಕೀತೇ ಎಂದು ಒಂದಿಷ್ಟು ಅಲೆದೆ. ಸ್ಟುಡಿಯೋ ಯಾವುದೆಂದು ಅತ್ತೆಗೆ ಜಾಗ ಮಾತ್ರ ನೆನಪಿತ್ತು. ಅಲ್ಲೀಗ ಮೊಬೈಲ್ ಅಂಗಡಿ. ಫಿಲ್ಮಿನ ಕಾಲ ಮುಗಿದಾಗ ಊರಿನ ಹಲವು ಸ್ಟುಡಿಯೋಗಳವರು ಹಳೆಯ ನೆಗೆಟಿವುಗಳನ್ನು, ಅದರಲ್ಲಿನ ಬೆಳ್ಳಿ ತೆಗೆಯುವವರಿಗೆ ತೂಕದ ಲೆಕ್ಕದಲ್ಲಿ ಹಾಕಿದರೆಂದು ಹಳಬರೊಬ್ಬರು ಹೇಳಿದರು. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ ಬದುಕಿದ ವಿವಿಯನ್ ಮೇಯರ್ ತೆಗೆದಿಟ್ಟಿದ್ದ ಲಕ್ಷಕ್ಕೂ ಮಿಕ್ಕ ನೆಗೆಟಿವುಗಳು 2007ರಲ್ಲಿ ಬಾಡಿಗೆ ಕಟ್ಟದ ಗೋದಾಮಿನ ಸಾಮಾನಿನೊಂದಿಗೆ ಹರಾಜಾಗಿ, ಕೊಂಡವರ ಕಣ್ಣಿಗೆ ಬಿದ್ದು, 2009ರಲ್ಲಿ ಅವರು ಸತ್ತ ಮೇಲೆ ಲೋಕಪ್ರಸಿದ್ಧವಾದುವು. ನಮ್ಮ ಊರಿನವು ಕರಗಿ ಕಾಲ್ಗೆಜ್ಜೆಯಾದುವೋ ಏನೋ.

ಈ ನಡುವೆ ನನ್ನ ಅಣ್ಣನ ಮಗ, ಪಟದ ಮುಂಭಾಗವನ್ನು ಮೊಬೈಲಿನಲ್ಲಿ ತೆಗೆದು ಯಾವುದೋ ಆ್ಯಪಿಗೆ ಹಾಕಿ, ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದ. ಅಜ್ಜಿಗೆ ಬಣ್ಣ ಬಂದಿತ್ತು, ಸುಕ್ಕು ಹೋಗಿತ್ತು, ಹಲ್ಲು ಕಾಣುವಂತೆ ನಕ್ಕು ಕತ್ತು ತಿರುಗಿಸುತ್ತಿದ್ದರು. ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕಿದರು. ನನಗೆ ತಡೆಯಲಾಗದೆ ಫೋನು ಕೆಳಗಿಟ್ಟೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ತಮ್ಮ ಚಿತ್ರಕ್ಕೆ ಬಂದ ಸೋನಿ ವರ್ಲ್ಡ್ ಫೋಟೋಗ್ರಫಿ ಪ್ರಶಸ್ತಿಯನ್ನು, ಅದು ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ್ದು, ಫೋಟೋ ಅಲ್ಲ ಎಂದು ತಾವೇ ಹೇಳಿ ನಿರಾಕರಿಸಿದ್ದರು. ಹಾಗೆ ಹೇಳುವವರೊಬ್ಬರು ಆ ಚಿತ್ರಕ್ಕಿದ್ದರು. ಕತ್ತು ತಿರುಗಿಸುವ ಅಜ್ಜಿಗೆ ಬೆನ್ನೇ ಇಲ್ಲ. ಮೊಹರು ಹಾಕಲು, ‘ಗ್ರೂಪಿನಿಂದ’ ಎಂದು ಬರೆಯಲು ಜಾಗವೇ ಇಲ್ಲ.

ಕಟ್ಟು ಹಾಕುವವರಿಗೆ ಹಳೆಯ ರಟ್ಟನ್ನು ಎಸೆಯಬೇಡಿ ಎಂದೆ. ಹೊಸ ರಟ್ಟಿನ ಹೊರಮೈಗೆ ಬಿಳಿ ಹಾಳೆ ಅಂಟಿಸಿ, ಅತ್ತೆಯನ್ನು ಕೂರಿಸಿಕೊಂಡು, ಪೆನ್ಸಿಲ್ಲಿನಲ್ಲಿ ಬರೆದೆ. ಮುಖ: ಅಜ್ಜಿ, 1946, ಗುಬ್ಬಿಯ ಮದುವೆಯ ಗುಂಪುಚಿತ್ರದಿಂದ, ತೆಗೆದವರು ತಿಳಿಯದು. ಮೈ, ಕೈ: ಅತ್ತೆ, 1969. ಸೀರೆ: ಅಜ್ಜಿಯದು. ಜೋಡಣೆ, ಟಚಿಂಗ್, ಕುಂಕುಮದ ಬಣ್ಣ: ತುಮಕೂರಿನ ಸ್ಟುಡಿಯೋ. ಬಳೆ: ಸ್ಟುಡಿಯೋದವು.

ಕೊನೆಯ ಸಾಲನ್ನು ನಾನು ಅವರನ್ನು ಕೇಳದೆಯೇ ಬರೆದಿದ್ದೆ. ಮಾವ ಹೋದದ್ದು 1968ರಲ್ಲಿ; ಅತ್ತೆಗೆ ಆಗ ಇಪ್ಪತ್ತಾರು. ಆ ಕಾಲದಲ್ಲಿ, ನಮ್ಮ ಮನೆಯಂಥ ಮನೆಯಲ್ಲಿ, ಮರುವರ್ಷ ಸ್ಟುಡಿಯೋಕ್ಕೆ ಹೋದ ಅವರ ಕೈಯಲ್ಲಿ ಬಳೆ ಇದ್ದಿರಲು ಸಾಧ್ಯವಿರಲಿಲ್ಲ. ಅಜ್ಜಿ ಮುತ್ತೈದೆಯಾಗಿ ಹೋದವರಾದ್ದರಿಂದ ಪಟದಲ್ಲಿ ಬಳೆ ಇರಲೇಬೇಕಿತ್ತು, ಹಾಗಾಗಿ ಸ್ಟುಡಿಯೋದವರೇ ಕೊಟ್ಟಿರಬೇಕು ಎಂದು ನಾನೇ ಲೆಕ್ಕ ಹಾಕಿದ್ದೆ. ಬರೆದದ್ದನ್ನು ಓದಿ ಹೇಳಿದಾಗ ಅತ್ತೆ ಕನ್ನಡಕ ಸರಿಮಾಡಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು.

‘ಇದು ಅಳಿಸು. ನನ್ನವೇ. ಒಂದು ಡಜನ್ ಒಡೀದೆ ಎತ್ತಿಟ್ಟುಕೊಂಡಿದ್ದೆ.’

ರಬ್ಬರಿನಿಂದ ಅಳಿಸಿ, ಅವರು ಹೇಳಿದಂತೆ ಬರೆದೆ.